ಅರಿಷಿಣದ ಹಿಡಿಕೆ

ಹಾವೇರಿಯ ನಮ್ಮ ಓಣಿಯಲ್ಲಿ ಒಂದು ಸಂಸಾರ ಚಾಕುವಿನ ದೆಸೆಯಿಂದ ಒಡೆಯಿತು ಎಂದರೆ ಕೇಳಿದವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಹತ್ತಿರ ಸರಿದು ಕೂತುಕೊಳ್ಳುತ್ತಾರೆ. ಅವರಿಗೆ ಮುಂದೆ ನಿರಾಸೆಯಾಗಬಾರದೆಂದು ಈಗಲೇ ಹೇಳಿಬಿಡುತ್ತೇನೆ: ರಕ್ತ ಬಂದದ್ದು ಖರೆ, ಆದರೆ ಅದು ನಿರ್ಮಲಾ ಅವರ ಎಡಗೈ ಹೆಬ್ಬೆರಳಿನಿಂದ, ಬೆಳಗಿನ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುವಾಗ.

ಚಾಕು ತಂದವರು ಅವರ ಯಜಮಾನರು ಪ್ರಭುಲಿಂಗಪ್ಪ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕರು. ಹುಡುಗರಿಗೆ ಲೋಲಕ, ತೂಕದ ಕಲ್ಲು, ಸ್ಪ್ರಿಂಗು ತೆಗೆದುಕೊಡುವುದು, ಸಂಜೆ ಎಣಿಸಿ ಒಳಗಿಡುವುದು ಅವರ ಕೆಲಸ. ವರ್ಷಾನುಗಟ್ಟಲೆ ಇದನ್ನೇ ಮಾಡಿ ಮಾಡಿ, ಗುರುತ್ವಾಕರ್ಷಣೆಯ ಉಸ್ತುವಾರಿಯೂ ತಮ್ಮದೇ ಎಂಬ ಭಾವನೆ ಅವರಲ್ಲಿ ಬೇರೂರಿತ್ತು. ಪಾತ್ರೆ ಕೆಳಗೆ ಬಿದ್ದರೆ ಉಳಿದ ಗಂಡಂದಿರು ಬೈಯುತ್ತಾರೆ. ಪ್ರಭುಲಿಂಗಪ್ಪನವರು ಅದು ಯಾಕೆ ಬಿತ್ತೆಂದು ವಿವರಿಸುತ್ತಿದ್ದರು. ಬೈಯುವುದೇ ವಾಸಿ ಎಂದು ನಿರ್ಮಲಾ ಒಮ್ಮೆ ನನ್ನ ಮುಂದೆ ಅಂದದ್ದುಂಟು.

ಆ ವರ್ಷ ಊರಲ್ಲಿ ವಸ್ತುಪ್ರದರ್ಶನ ಬಂದಿತ್ತು. ಕೊರಳಿಗೆ ಮೈಕು ಕಟ್ಟಿಕೊಂಡ ಒಬ್ಬ ಟೊಮೇಟೊವನ್ನು ಎಷ್ಟು ತೆಳ್ಳಗೆ ಹೆಚ್ಚಿ ತೋರಿಸಿದನೆಂದರೆ, ಅದರ ಹಿಂದೆ ಪೇಪರು ಹಿಡಿದರೆ ಸುದ್ದಿ ಓದಬಹುದಾಗಿತ್ತು. ಪ್ರಭುಲಿಂಗಪ್ಪನವರು ಚಾಕು ಕೊಂಡರು. ತುದಿಯಿಂದ ಹಿಡಿಕೆಯವರೆಗೆ ಒಂದೇ ಉಕ್ಕು, ಎಲ್ಲೂ ಜೋಡಣೆಯಿಲ್ಲ. ಹಿಡಿಕೆಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು. ಮನೆಗೆ ಬಂದವರೇ, ಕಟ್ಟಿಗೆ ಹಿಡಿಕೆಯ ಹಳೆಯ ಚಾಕುವನ್ನು ಹಳೇ ಸಾಮಾನು ಕೊಳ್ಳುವ ಮೋಡಕಾದವನ ಗಾಡಿಗೆ ಹಾಕಿ ಕೈ ತೊಳೆದುಕೊಂಡರು.

ಹೊಸ ಹಿಡಿಕೆಗೆ ಒಂದು ಹನಿ ನೀರೋ ಎಣ್ಣೆಯೋ ತಾಗಿದರೆ ಸಾಕು, ಅದು ಕೈಯಲ್ಲಿ ನಿಲ್ಲುತ್ತಿರಲಿಲ್ಲ. “ಮೀನ ಹಿಡದಂಗ ಆಗತೈತ್ರೀ” ಎಂದರು ನಿರ್ಮಲಾ. ತಲೆತಲಾಂತರದಿಂದ ಮೀನು ಮುಟ್ಟದ ಮನೆತನದ ಹೆಣ್ಣುಮಗಳ ಬಾಯಲ್ಲಿ ಈ ಮಾತು ಬರಬೇಕಾದರೆ ಆ ಹಿಡಿಕೆ ಹೇಗಿರಬೇಡ! ಕೊನೆಗೆ ಒಂದು ಬೆಳಿಗ್ಗೆ ಚಾಕು ಜಾರಿತು, ಬೆರಳು ಕೊಯ್ದಿತು.

ನಿರ್ಮಲಾ ಬೆರಳಿಗೆ ಅರಿಷಿಣಪುಡಿ ಒತ್ತಿಕೊಂಡು ನಿಂತಿದ್ದಾಗ ಪ್ರಭುಲಿಂಗಪ್ಪನವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದರು.

“ಇಲ್ಲೆ ನೋಡು. ತಪ್ಪು ಚಾಕೂಂದಲ್ಲ. ಬಲ ಹಿಂಗ ಬರಬೇಕು, ನೀ ಹಿಂಗ ಕೊಡಾಕತ್ತೀ. ಘರ್ಷಣೆ ಎಲ್ಲಿ ಉಳೀತು?”

ನಿರ್ಮಲಾ ಚಿತ್ರವನ್ನು ಪೂರ್ತಿ ನೋಡಿದರು. ಆಮೇಲೆ ಗಾಯವಿಲ್ಲದ ಕೈಯಿಂದ ಚೀಲಕ್ಕೆ ಸೀರೆ ತುಂಬಿದರು.

“ನಮ್ಮವ್ವನ ಮನಿಗೆ ಹೊಂಟೇನಿ.”

“ಯಾವಾಗ ಬರ್ತೀ?”

“ನಿಮ್ಮ ಘರ್ಷಣೆ ಮುಗದ ಮ್ಯಾಲ.”

ಹೆಂಗಸರು ಆಡಿದ ಮಾತನ್ನು ಗಂಡಸರು ಇಕ್ಕಳ, ಸುತ್ತಿಗೆಗಳಿಂದ ದುರಸ್ತಿ ಮಾಡಬಹುದಾದ ಅರ್ಥಕ್ಕೆ ತಂದುಕೊಂಡೇ ಕೇಳಿಸಿಕೊಳ್ಳುತ್ತಾರೆ. ಹಿಡಿಕೆ ಸುಧಾರಿಸಿದರೆ ಹೆಂಡತಿ ತಿರುಗಿ ಬರುತ್ತಾಳೆ ಎಂದು ಪ್ರಭುಲಿಂಗಪ್ಪನವರು ತಿಳಿದರು. ಬರದಿದ್ದರೆ? ಖಾನಾವಳಿಯ ಊಟಕ್ಕೆ ಆಗಲೇ ಅವರ ಹೊಟ್ಟೆ ಗುಡುಗುತ್ತಿತ್ತು. ಸಂಜೆ ಬಾಗಿಲು ತೆಗೆದರೆ ಒಳಗಿನಿಂದ ಯಾರೂ “ಬಂದ್ರೇನ್ರೀ” ಅನ್ನುತ್ತಿರಲಿಲ್ಲ. ವಿವರಿಸಿದ್ದನ್ನು ಕೇಳುವವರೂ ಇರಲಿಲ್ಲ.

ಮೊದಲು ಮರಳುಕಾಗದದಿಂದ ತಿಕ್ಕಿದರು. ಹೊಳಪು ಹೋಯಿತು, ಜಾರಿಕೆ ಹೋಗಲಿಲ್ಲ. ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ ತೊಡಿಸಿದರು. ಅದರಿಂದ ಹೆಚ್ಚಿದ ಉಳ್ಳಾಗಡ್ಡಿಯ ಒಗ್ಗರಣೆಯ ರಬ್ಬರು ನಾತ ಓಣಿಗೆಲ್ಲ ಹರಡಿತು. ಪಕ್ಕದ ಮನೆಯ ಪ್ರೇಮವ್ವ ಪಾಪ ಎಂದು ಪಲ್ಯದ ಬಟ್ಟಲು ತಂದವಳು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡಳು.

“ಪ್ರಭುಲಿಂಗಣ್ಣಾರ, ಒಗ್ಗರಣ್ಯಾಗ ಪಂಕ್ಚರ್ ಹಾಕೀರೇನು?”

ಮೂರನೆಯ ಪ್ರಯೋಗ ಅಂಟು ಹಚ್ಚಿ ಮೇಲೆ ಸಣ್ಣ ಮರಳು ಉದುರಿಸುವುದು. ಅಂಟು ಒಣಗುವ ಮೊದಲೇ ಉತ್ಸಾಹದಿಂದ ಹಿಡಿದು ನೋಡಿದರು. ಹಿಡಿತವೇನೋ ಪರಿಪೂರ್ಣವಾಗಿತ್ತು, ಬಿಡುವುದಷ್ಟೇ ಸಾಧ್ಯವಿರಲಿಲ್ಲ. ಬಲಗೈಗೆ ಚಾಕು ಅಂಟಿಸಿಕೊಂಡು ಪ್ರೇಮವ್ವನ ಬಾಗಿಲಿಗೆ ಹೋದಾಗ ಆಕೆ ಒಮ್ಮೆ ಕಿರುಚಿ, ಆಮೇಲೆ ಬಿಸಿನೀರು, ಕೊಬ್ಬರಿ ಎಣ್ಣೆ ಹಾಕಿ ಬಿಡಿಸಿದಳು.

ಆ ದಿನ ಬಟ್ಟೆ ಬದಲಿಸುವಾಗ ಅವರಿಗೆ ಜ್ಞಾನೋದಯವಾಯಿತು. ಇಷ್ಟು ವರ್ಷಗಳಲ್ಲಿ ತಮ್ಮನ್ನು ಒಮ್ಮೆಯೂ ಕೈಬಿಡದ ವಸ್ತು ಯಾವುದು? ಪೈಜಾಮದ ಲಾಡಿ.

ಹತ್ತಿ ಲಾಡಿಯ ಒಂದು ಉಂಡೆಯನ್ನೇ ತಂದರು. ನೀರಲ್ಲಿ ನೆನೆಸಿ, ಹಿಡಿಕೆಯ ಬುಡದಿಂದ ಸುತ್ತಿಗೆ ಸುತ್ತು ಒತ್ತಿ, ಬಿಗಿಯಾಗಿ ಸುತ್ತುತ್ತ ಹೋದರು. ಒಂದು ಪದರ ಸಾಲದೆನಿಸಿ ಮೇಲೊಂದು ಪದರ. ಆಗಾಗ ಮುಷ್ಟಿಯಲ್ಲಿ ಹಿಡಿದು ನೋಡಿದರು. ಕೊನೆಯ ತುದಿಯನ್ನು ಸುತ್ತುಗಳ ಕೆಳಗೆ ತೂರಿಸಿ ಎಳೆದಾಗ ಗಂಟು ಕಾಣದಂತೆ ಕೂತಿತು. ಅಡುಗೆಮನೆಯ ವಸ್ತು, ನಂಜಾಗಬಾರದು. ಅರಿಷಿಣ ನಂಜು ತೆಗೆಯುತ್ತದೆ. ಆದ್ದರಿಂದ ಗಟ್ಟಿಯಾಗಿ ಅರಿಷಿಣ ಕಲಸಿ ಹಿಡಿಕೆಯನ್ನು ಅದರಲ್ಲಿ ಅದ್ದಿ ಅದ್ದಿ ತೆಗೆದರು. ಅದ್ದುವಾಗ ಸೆಕೆಗೆ ಹಣೆ ಒರೆಸಿಕೊಂಡರು, ಕೆನ್ನೆ ಕೆರೆದುಕೊಂಡರು, ಕಿವಿಯ ಹತ್ತಿರ ಬಂದ ನೊಣ ಹೊಡೆದರು.

ಅಂಗೈಗೆ ಎಣ್ಣೆ ಹಚ್ಚಿಕೊಂಡು ಹಿಡಿದರು. ಜಾರಲಿಲ್ಲ. ಜಾಡಿಸಿದರು. ಅಲುಗಲಿಲ್ಲ. ಇನ್ನು ತಡಮಾಡಬಾರದು, ಸಿಕ್ಕ ಮೊದಲ ಬಸ್ಸಿಗೇ ಹೆಂಡತಿಯ ತವರು ಬ್ಯಾಡಗಿಗೆ!

ಸಾಬೂನು ಹಚ್ಚಿ ಮುಖ ತೊಳೆದರು. ಅರಿಷಿಣಕ್ಕೆ ಸಾಬೂನು ಬಿದ್ದರೆ ಅದು ಹೋಗುವುದಿಲ್ಲ, ಕೆಂಪೇರುತ್ತದೆ. ಪಕ್ಕದ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದವರಿಗೆ ತಮ್ಮ ಕೆನ್ನೆಯ ವಿಷಯದಲ್ಲಿ ನೆನಪಾಗಲಿಲ್ಲ. ಅತ್ತೆಮನೆ ಎಂದು ಹೊಸ ಬಿಳಿ ಧೋತರ, ಬಿಳಿ ಅಂಗಿ ತೊಟ್ಟರು. ಚಾಕುವನ್ನು ಚೀಲಕ್ಕೆ ಹಾಕುವಂತಿರಲಿಲ್ಲ. ಹಸಿ ಲಾಡಿ ಗಾಳಿಗೆ ಒಣಗಿದರೇ ಬಿಗಿ ಬರುವುದೆಂದು ಅವರ ಲೆಕ್ಕ. ಹಾಗಾಗಿ ಕೈಯಲ್ಲೇ ಎತ್ತಿ ಹಿಡಿದುಕೊಂಡು ಹೊರಟರು.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ನಬಿಸಾಬ ಅಡ್ಡ ನಿಂತ.

“ಸಾಹೇಬ್ರ, ಬರೇ ಚಾಕು ಹಿಡಕೊಂಡು ಹತ್ತಂಗಿಲ್ರಿ. ಡ್ರೈವರ್ ಬ್ರೇಕ್ ಹೊಡದ್ರ ಮುಂದಿನಾವರ ಬೆನ್ನ ಗತಿ ಏನು? ತುದಿಗೆ ಏನರ ಚುಚ್ಚಿಕೊಂಡು ಬರ್ರಿ.”

ಪಕ್ಕದಲ್ಲೇ ಒಬ್ಬಾಕೆ ಬುಟ್ಟಿಯಲ್ಲಿ ನಿಂಬೆಹಣ್ಣು ಮಾರುತ್ತಿದ್ದಳು. ಪ್ರಭುಲಿಂಗಪ್ಪನವರು ಒಂದನ್ನು ಕೊಂಡು ಚಾಕುವಿನ ತುದಿಗೆ ಚುಚ್ಚಿದರು. ಚಾಕು ನಿರಪಾಯವಾಯಿತು. ಅವರು ಆಗಲಿಲ್ಲ.

ನಮ್ಮ ಕಡೆ ಮದುಮಗನಿಗೆ ಅರಿಷಿಣ ಹಚ್ಚಿದ ಮೇಲೆ ಅವನ ಕೈಗೊಂದು ಚಾಕು ಕೊಡುತ್ತಾರೆ. ಗಾಳಿ ಪೀಡೆ ಸೋಕದಿರಲೆಂದು ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ. ಅಕ್ಷತೆ ಬೀಳುವತನಕ ಅವನು ಅದನ್ನು ಕೆಳಗಿಡುವಂತಿಲ್ಲ, ಒಬ್ಬನೇ ತಿರುಗುವಂತಿಲ್ಲ. ಅದೂ ವೈಶಾಖ ಮಾಸ, ಮೂರು ಬಸ್ಸಿನಲ್ಲಿ ಒಂದರಲ್ಲಿ ದಿಬ್ಬಣ. ಇಂಥ ದಿನ ಬಿಳಿ ಧೋತರ, ಕೆಂಪೇರಿದ ಅರಿಷಿಣದ ಮುಖ, ಹಳದಿ ಹಿಡಿಕೆಯ ಚಾಕು, ನಿಂಬೆಹಣ್ಣಿನ ಸಮೇತ ಒಬ್ಬ ಮನುಷ್ಯ ಬಸ್ಸು ಹತ್ತಿದರೆ ಜನ ಏನು ತಿಳಿಯಬೇಕು? ತಮ್ಮ ಮದುವೆಯಲ್ಲಿ ಸ್ವತಃ ಹೀಗೇ ಕೂತಿದ್ದ ಪ್ರಭುಲಿಂಗಪ್ಪನವರಿಗೂ ಹೊಳೆಯಬೇಕಿತ್ತು. ಆದರೆ ಅವರ ಧ್ಯಾನವೆಲ್ಲ ಲಾಡಿ ಒಣಗುವುದರ ಮೇಲಿತ್ತು.

ನಬಿಸಾಬನೇ ಮೊದಲು ಕರಗಿದ. “ಏ, ಇವರಿಗೆ ಕಿಡಕೀ ಕಡೆ ಸೀಟ್ ಬಿಡ್ರಿ!” ವಿಜ್ಞಾನಕ್ಕೆ ಸಿಕ್ಕ ಗೌರವ ಎಂದುಕೊಂಡು ಪ್ರಭುಲಿಂಗಪ್ಪನವರು ಕೂತು, ಚಾಕುವನ್ನು ಕಿಟಕಿಯ ಗಾಳಿಗೆ ಹಿಡಿದರು.

ಪಕ್ಕದಲ್ಲಿ ಅಗಡಿಯ ಹೊಳಿಯವ್ವ ಎಂಬ ಮುದುಕಿ. ನರೆತ ಮೀಸೆಯನ್ನೂ ನಿಂಬೆಹಣ್ಣನ್ನೂ ಒಂದಾದಮೇಲೊಂದು ನೋಡಿ ಆಕೆಯ ಕಣ್ಣು ತೇವವಾಯಿತು.

“ಯಪ್ಪಾ, ಒಬ್ಬಾವನ ಹೊಂಟೀಯಲ್ಲೋ. ಜೋಡಿಗೆ ನಿನ್ನಾವರು ಯಾರೂ ಇಲ್ಲೇನು?”

“ಇಲ್ಲಬೇ. ಎಲ್ಲಾ ನಾ ಒಬ್ಬಾವನ ಮಾಡೇನಿ.”

“ಅರಿಷಿಣಾನೂ?”

“ಅರಿಷಿಣಾನೂ ನಾನ ಹಚ್ಚೇನಿ.”

“ಶಿವನ!” ಎಂದಳು ಹೊಳಿಯವ್ವ. ಇಳಿವಯಸ್ಸಿಗೆ ಮದುವೆ, ಅದಕ್ಕೂ ಅರಿಷಿಣ ಹಚ್ಚುವವರಿಲ್ಲ! ಕೈಚೀಲದಿಂದ ಎರಡು ಬಾಳೆಹಣ್ಣು ತೆಗೆದು ಅವರ ಮಡಿಲಿಗಿಟ್ಟು, ಮುಖ ನೀವಿ ನೆಟಿಗೆ ಮುರಿದಳು. ಹಿಂದಿನ ಸೀಟಿನ ಹೆಂಗಸರು ಲೊಚಗುಟ್ಟಿದರು. ಪ್ರಭುಲಿಂಗಪ್ಪನವರು ಒಂದು ಬಾಳೆಹಣ್ಣು ತಿಂದರು.

“ಬ್ಯಾಡಗ್ಯಾಗ ಯಾರ ಮನಿಗಪಾ?”

“ಹೆಂಡ್ತಿ ಅದಾಳಲ್ಲಬೇ ಅಲ್ಲೆ, ಆಕಿ ತವರಮನಿಗೆ. ಸಿಟ್ಟ ಮಾಡಿ ಹೋಗಿ ಕುಂತಾಳ. ಅದಕ್ಕ ಇದನ್ನ ಆಕಿಗೆ ತೋರಿಸಿ ಬರೂಣು ಅಂತ.” ಅವರು ಚಾಕುವನ್ನು ಇನ್ನಷ್ಟು ಮೇಲೆತ್ತಿದರು.

ಹೊಳಿಯವ್ವ ಅವರ ಮಡಿಲಿನಿಂದ ಉಳಿದ ಬಾಳೆಹಣ್ಣನ್ನು ತೆಗೆದುಕೊಂಡಳು. ತಿಂದ ಹಣ್ಣಿನ ಸಿಪ್ಪೆಯನ್ನು ಸಂಕಟದಿಂದ ನೋಡಿದಳು.

“ಕಟಗೊಂಡಾಕಿ ಜೀವಂತ ಇರೂವಾಗ ಇದನ್ನ ಹಿಡಕೊಂಡು ಆಕಿ ಕಣ್ಮುಂದನ ಹೋಗಿ ನಿಂದರ್ತೀ? ಭಾರೀ ಎದಿ ಐತಿ ಬಿಡಪಾ ನಿನಗ.”

“ತೋರಸಲಾರದ ಆಕಿಗೆ ಹೆಂಗ ಗೊತ್ತಾಗಬೇಕಬೇ?” ಎಂದರು ಪ್ರಭುಲಿಂಗಪ್ಪ, ಹೊಗಳಿಕೆಗೆ ನಾಚಿ.

ನಬಿಸಾಬ ಬಂದು ಚಿಲ್ಲರೆಯನ್ನು ಅವರ ಕೈಗೆ ಕೊಡದೆ ಸೀಟಿನ ಮೇಲಿಟ್ಟು ಹೋದ.

ಬಸ್ಸಿನ ಕೊನೆಯ ಸೀಟಿನಲ್ಲಿ ಸುನೀಲಕುಮಾರ ಎಂಬ ಗುಮಾಸ್ತನಿದ್ದ. ಅವನು ಕೆಲಸ ಮಾಡುವುದು ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ. ಅಂಗಡಿಯ ಮಾಲೀಕ ವಿಜಯಮಹಾಂತೇಶನೆಂದರೆ ನಿರ್ಮಲಾ ಅವರ ತಮ್ಮನೇ. ಮೋಟೆಬೆನ್ನೂರಲ್ಲಿ ಬಸ್ಸು ಚಹಕ್ಕೆ ನಿಂತದ್ದೇ ತಡ, ಸುನೀಲಕುಮಾರ ಕೆಳಗೆ ಜಿಗಿದು ಹೊಸ ಮೊಬೈಲು ಕಿವಿಗಿಟ್ಟುಕೊಂಡ.

“ಸಾವಕಾರ್ರ, ನಿಮ್ಮ ಮಾವಾರು ಬಸ್ಸಿನ್ಯಾಗ ಅದಾರ್ರಿ... ಅರಿಷಿಣ ಹಚ್ಚಿಕೊಂಡಾರ್ರಿ... ಇಲ್ರೀ, ಜಡ್ಡಿಲ್ಲ, ಮದಲಿಂಗ ಆಗ್ಯಾರ್ರಿ! ಚಾಕು, ಲಿಂಬಿಹಣ್ಣು ಎಲ್ಲಾ ಐತ್ರಿ... ಹೂನ್ರಿ, ಅಕ್ಕಾರಿಗೆ ತೋರಿಸಿ ಹೊಕ್ಕಾರಂತರೀ!”

ಬಸ್ಸು ಬ್ಯಾಡಗಿಗೆ ಹೋಗಲು ಹೆದ್ದಾರಿ ಬಿಟ್ಟು ಹೊರಳಬೇಕು. ಸುದ್ದಿ ನೆಟ್ಟಗೆ ಹೋಯಿತು. ವಿಜಯಮಹಾಂತೇಶ ಮನೆಗೆ ಫೋನು ಮಾಡಿ ಹೆಂಡತಿ ಸುಲಭಾಗೆ ಹೇಳಿದ. ಸುಲಭಾ ರಾಣೆಬೆನ್ನೂರಿನಲ್ಲಿದ್ದ ತನ್ನ ಚಿಕ್ಕಮ್ಮನಿಗೆ ಹೇಳಿದಳು. ಬಂದ ಸುದ್ದಿಯನ್ನು ಬರಿಗೈಯಲ್ಲಿ ಕಳಿಸುವ ಹೆಂಗಸಲ್ಲ ಈ ಚಿಕ್ಕಮ್ಮ. ಮದುಮಗನಿದ್ದಾನೆ, ಚಾಕುವಿದೆ, ಮದುಮಗಳೆಲ್ಲಿ? “ನಮ್ಮೂರಾಗ ಟೇಲರಿಂಗ್ ಕ್ಲಾಸ್ ನಡಸ್ತಾಳಲ್ಲ ಒಬ್ಬಾಕಿ, ಆಕಿನ ಇರಬೇಕವಾ” ಎಂದು ತನ್ನ ಕಡೆಯಿಂದ ಹೆಣ್ಣನ್ನು ಸೇರಿಸಿ ವಾಪಸು ಕೊಟ್ಟಳು. ಬಸ್ಸು ಬ್ಯಾಡಗಿ ಸೇರುವ ಹೊತ್ತಿಗೆ ಆ ಪಾಪದ ಟೇಲರಿಂಗ್ ಟೀಚರಿಗೆ ಒಂದು ಸ್ಕೂಟಿಯೂ ಎರಡು ಸೈಟೂ ಬಂದಿದ್ದವು.

ತವರುಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ತುಂಬಿದ್ದರು. ನಿರ್ಮಲಾ ಅವರ ತಾಯಿ ಶಾರದವ್ವ ಗೋಡೆಗೊರಗಿ ಅಳುತ್ತಿದ್ದಳು. ನಿರ್ಮಲಾ ಮಾತ್ರ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಸಮಾಧಾನ ಹೇಳಲು ಕೆಲಸ ಬಿಟ್ಟು ಬಂದವರಿಗೆ ಇದು ಸರಿಬರಲಿಲ್ಲ.

“ಅತ್ತಬಿಡ ನಿರ್ಮಲಾ, ಎದಿಯಾಗ ಇಟ್ಟಕೋಬ್ಯಾಡ” ಎಂದಳು ಒಬ್ಬಳು.

“ಆಕಿ ಟೇಲರ್ ಅಂದ್ರೆಲ್ಲ?” ಕೇಳಿದರು ನಿರ್ಮಲಾ. “ಕತ್ರಿ ಹಿಡದ ರೂಢಿ ಇರತೈತಿ. ಆ ಚಾಕು ಆಕಿಗೆ ನಡೀತೈತಿ ಬಿಡ್ರಿ.”

ಬ್ಯಾಂಕಿನ ಚಲನು ತುಂಬಲು ಹೋಗಿ ಪೆನ್ನು ಮರೆತು ತಿರುಗಿ ಬರುವ ಮನುಷ್ಯ ಎರಡನೆಯ ಮದುವೆಯಂಥ ದೊಡ್ಡ ಏರ್ಪಾಟನ್ನು ತಾನೊಬ್ಬನೇ ಮಾಡಲಾರನೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ, ತೊಟ್ಟು ಮುರಿದ ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ ಹಾಕಬೇಕಾದವರು ಅಷ್ಟು ಹೊತ್ತಿನಿಂದ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದರು. ಇದನ್ನು ಸುಲಭಾ ಒಬ್ಬಳೇ ನೋಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ವಿಜಯಮಹಾಂತೇಶ ಇಬ್ಬರು ಹಮಾಲರ ಜೊತೆ ನಿಂತಿದ್ದ. ಮಾರುಕಟ್ಟೆಯ ಯಾರ್ಡಿನಿಂದ ನೇರ ಬಂದದ್ದರಿಂದ ಮೂವರ ಬಟ್ಟೆಯ ಮೇಲೂ ಮೆಣಸಿನಕಾಯಿಯ ಕೆಂಪು ಧೂಳು, ಕಣ್ಣಲ್ಲಿ ನೀರು. ಇಷ್ಟು ಪ್ರೀತಿಯ ಸ್ವಾಗತ ಪ್ರಭುಲಿಂಗಪ್ಪನವರಿಗೆ ಮದುವೆಯಾದ ಹೊಸತರಲ್ಲೂ ಸಿಕ್ಕಿರಲಿಲ್ಲ.

“ಇಷ್ಟ್ಯಾಕ ತ್ರಾಸ ತಗೊಂಡ್ರಿ ವಿಜಯಪ್ಪಾ? ನಾನ ಬರ್ತಿದ್ದೆ.”

“ನಡೀರಿ ಮಾವಾರ” ಎಂದು ವಿಜಯಮಹಾಂತೇಶ ಹಲ್ಲು ಕಚ್ಚಿದ, ನಡುವೆ ಒಂದು ಸೀನು ಬಂತು. “ಮನ್ಯಾಗ ಮಾತಾಡೂಣು.”

ಒಬ್ಬ ಹಮಾಲ ಎಡಕ್ಕೆ, ಒಬ್ಬ ಬಲಕ್ಕೆ, ಸೀನುತ್ತ ನಡೆದರು. ನಡುವೆ ಪ್ರಭುಲಿಂಗಪ್ಪ, ಎತ್ತಿ ಹಿಡಿದ ನಿಂಬೆಹಣ್ಣು. ಊರ ಹುಡುಗರು ಬೆನ್ನು ಹತ್ತಿದರು. ಬ್ಯಾಂಡೊಂದೇ ಇರಲಿಲ್ಲ.

ಬಾಗಿಲಲ್ಲಿ ಕಾಲಿಗೆ ನೀರು ಬರಲಿಲ್ಲ, ಶಾರದವ್ವ ಬಂದಳು. ಅಳಿಯನನ್ನು ಇಷ್ಟು ವರ್ಷ ‘ಬರ್ರಿ’, ‘ಕುಂದ್ರಿ’ ಎಂದು ಬಹುವಚನದಲ್ಲೇ ಕೂಡಿಸಿ ಎಬ್ಬಿಸಿದವಳು.

“ನಿಂದ್ರಲ್ಲೇ! ನನ್ನ ಮಗಳ ಮ್ಯಾಲ ಸವತಿ ತರ್ತೀ? ಅದೂ ಅರಿಷಿಣ ಮೈಲೆ ನನ್ನ ಹೊಸ್ತಲಕ್ಕ ಬರ್ತೀ?”

ಪ್ರಭುಲಿಂಗಪ್ಪನವರು ಹಿಂದೆ ತಿರುಗಿ ನೋಡಿದರು, ಈ ಮಾತು ಬೇರೆ ಯಾರಿಗಾದರೂ ಇರಬಹುದೇ ಎಂದು. ಹಿಂದೆ ಹಮಾಲರಿದ್ದರು. ಮುಂದೆ ತಿರುಗಿದರೆ ಬಾಗಿಲ ಪಕ್ಕದ ಗೂಡಿನಲ್ಲಿ ಕನ್ನಡಿಯಿತ್ತು. ಅದರಲ್ಲಿ ಅವರು ಕಂಡರು: ಕೆನ್ನೆ, ಧೋತರ, ಚಾಕು, ನಿಂಬೆಹಣ್ಣು. ವಿಜ್ಞಾನಿಗೆ ಒಂದೇ ನೋಟಕ್ಕೆ ಎಲ್ಲವೂ ತಿಳಿಯಿತು.

“ಸವತೀನೂ ಇಲ್ಲ, ಸುಡುಗಾಡೂ ಇಲ್ರೀ ಅತ್ತೀ! ಇದು ಲಾಡಿರೀ! ಪೈಜಾಮದ ಲಾಡಿ!”

“ಪೈಜಾಮದ ಸುದ್ದಿ ನಾವು ಕೇಳಿಲ್ಲ” ಎಂದಳು ಸುಲಭಾ ಗಂಭೀರವಾಗಿ. “ರಾಣೆಬೆನ್ನೂರಿನಾಕಿ ಯಾರು, ಅದನ್ನ ಹೇಳ್ರಿ.”

“ಯಾರೂ ಇಲ್ಲವಾ! ಘರ್ಷಣೆ ಹೆಚ್ಚು ಮಾಡೇನಿ, ಅಷ್ಟ. ನಂಬ್ರಿ. ಎಣ್ಣಿ ತರ್ರಿ! ಒಂದ ಉಳ್ಳಾಗಡ್ಡಿ ತರ್ರಿ! ನಿರ್ಮಲಾ ಎಲ್ಲೆದಾಳ?”

ನಿರ್ಮಲಾ ಎದ್ದು ಬಂದರು. ಹೆಬ್ಬೆರಳಿನ ಪಟ್ಟಿ ಇನ್ನೂ ಇತ್ತು. ಗಂಡನನ್ನು ಮುಡಿಯಿಂದ ಅಡಿಯವರೆಗೆ ನೋಡಿದರು. ಅವರ ಬಾಯಂಚು ನಡುಗಿತು. ಈಗಲಾದರೂ ಅತ್ತಳು ಎಂದು ಹೆಂಗಸರು ಮುಂದೆ ಸರಿದರು. ನಿರ್ಮಲಾ ನಕ್ಕರು. ಗೋಡೆ ಹಿಡಿದುಕೊಂಡು, ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗು ನಿಲ್ಲುವವರೆಗೆ ಶಾರದವ್ವನಿಗೂ ಅಳಲು ದಾರಿಯಿರಲಿಲ್ಲ.

“ಅವ್ವಾ, ಉಳ್ಳಾಗಡ್ಡಿ ಬುಟ್ಟಿ ತಾ” ಎಂದರು ಕೊನೆಗೆ.

ಪಡಸಾಲೆಯ ನಡುವೆ ಮಣೆ ಹಾಕಿದರು. ನಿರ್ಮಲಾ ನಿಂಬೆಹಣ್ಣು ಕಿತ್ತು ಪಕ್ಕಕ್ಕಿಟ್ಟು ಚಾಕು ಹಿಡಿದರು. ಹಿಡಿಯಲು ನೋಡಿದರು ಎನ್ನಬೇಕು. ಎರಡು ಪದರ ಲಾಡಿ ಸುತ್ತಿದ ಹಿಡಿಕೆ ಒನಕೆಯಷ್ಟು ದಪ್ಪವಾಗಿತ್ತು. ಅವರ ಬೆರಳುಗಳು ಅರ್ಧದಾರಿಗೇ ನಿಂತವು.

“ಯಾರ ಕೈಯಾಗ ಹಿಡದ ನೋಡೀರಿ ಇದನ್ನ?”

“ನನ್ನ ಕೈಯಾಗ” ಎಂದರು ಪ್ರಭುಲಿಂಗಪ್ಪ, ಸಣ್ಣ ದನಿಯಲ್ಲಿ.

ಹೆಂಗಸರೆಲ್ಲ ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿದರು. ಯಾರ ಮುಷ್ಟಿಯೂ ಮುಚ್ಚಲಿಲ್ಲ. ಪ್ರಭುಲಿಂಗಪ್ಪನವರ ಮುಖದಲ್ಲಿ ಅರಿಷಿಣವೊಂದೇ ಉಳಿಯಿತು. ಬಸ್ಸಿನಲ್ಲಿ ಒಬ್ಬರೇ ತಿರುಗಿ ಹೋಗುವುದು, ಖಾನಾವಳಿಯ ಬೇಳೆನೀರು, ಕತ್ತಲೆಯ ಬಾಗಿಲು ಎಲ್ಲ ಅವರ ಕಣ್ಣೆದುರು ಬಂದಿರಬೇಕು.

“ಕುಂದ್ರಿ ಇಲ್ಲೆ” ಎಂದರು ನಿರ್ಮಲಾ. ಅವರ ಅಂಗೈಗೆ ತಾವೇ ಎಣ್ಣೆ ಸುರಿದರು. “ಹೆಚ್ರಿ.”

ಪ್ರಭುಲಿಂಗಪ್ಪನವರು ಹೆಚ್ಚಿದರು. ಮೊದಲ ಉಳ್ಳಾಗಡ್ಡಿ ದಪ್ಪ ದಪ್ಪ ಬಂತು. ಎರಡನೆಯದು ಪರವಾಗಿಲ್ಲ ಅನಿಸಿತು. ನಾಲ್ಕನೆಯದಕ್ಕೆ ಕೈ ಕುದುರಿ, ಚಾಕು ಮಣೆಯ ಮೇಲೆ ಟಕಟಕನೆ ಓಡಿತು. ಕಣ್ಣೀರು ಧಾರಾಕಾರ, ಆದರೆ ಅದರ ಹಿಂದೆ ಮುಖ ಅರಳುತ್ತಿತ್ತು.

“ಜಾರತೈತೇನ್ರಿ?”

“ಎಳ್ಳಷ್ಟೂ ಇಲ್ಲ!”

“ಬೆರಳ ಕೊಯ್ತೇನು?”

“ಹೆಂಗ ಕೊಯ್ತೈತಿ? ಹಿಡಿತ ನೋಡಿಲ್ಲಿ!”

“ಹಂಗಾರ ಈ ಚಾಕು ಯಾರದು?”

“ನಂದು!” ಎಂದರು ಪ್ರಭುಲಿಂಗಪ್ಪ ಹೆಮ್ಮೆಯಿಂದ, ತುಂಬಿದ ಸಭೆಯಲ್ಲಿ, ಇಪ್ಪತ್ತು ಜನ ಸಾಕ್ಷಿಗಳ ಮುಂದೆ.

ಅಂದ ಮೇಲೆ ಚಾಕು ಒಂದು ಗಳಿಗೆ ನಿಂತಿತು.

“ಅವ್ವಾ, ನನ್ನ ಚೀಲಾ ತಾ” ಎಂದರು ನಿರ್ಮಲಾ. “ಸಂಜೀ ಬಸ್ಸಿಗೆ ಇವರ ಜೋಡಿ ಹೊಕ್ಕೇನಿ. ರಾತ್ರಿ ಬದನಿಕಾಯಿ ಪಲ್ಯಾ ಮಾಡೂದೈತಿ, ಹೆಚ್ಚಾವರು ಸಿಕ್ಕಾರ.”

ಶಾರದವ್ವ ಚೀಲದ ಬದಲು ನೀರಿನ ತಂಬಿಗೆ ತಂದಳು. “ಕಾಲು ತೊಳಕೋರಿ ಅಳಿಯಾರ” ಎಂದಳು. ಬಹುವಚನ ಮನೆಗೆ ಮರಳಿತು.

ಓಣಿಯ ಹೆಂಗಸರು ಏಳಲಿಲ್ಲ. ಸವತಿಯನ್ನು ನೋಡಲು ಬಂದವರು ಗಂಡಸೊಬ್ಬ ಉಳ್ಳಾಗಡ್ಡಿ ಹೆಚ್ಚುವುದನ್ನು ಬುಟ್ಟಿ ಖಾಲಿಯಾಗುವವರೆಗೆ ನೋಡಿದರು. ಆಮೇಲೆ ಒಬ್ಬೊಬ್ಬರೇ ಎದ್ದು ಮನೆಗೆ ಹೋದರು, ತಮ್ಮ ತಮ್ಮ ಚಾಕು ತಂದರು. ಎಲ್ಲರಿಗಿಂತ ಮೊದಲು ಸುಲಭಾ ತನ್ನದನ್ನು ಮಣೆಯ ಮೇಲಿಟ್ಟಳು.

“ಇದಕ್ಕೂ ಲಾಡಿ ಸುತ್ತಿ ಕೊಡ್ರಿ ಅಣ್ಣಾರ. ದಪ್ಪ ಇರಲಿ.”

“ಎಷ್ಟ ದಪ್ಪವಾ?”

ಅಕ್ಕನ ಪರ ಜಗಳಕ್ಕೆ ನಿಲ್ಲಲು ಬಂದಿದ್ದ ವಿಜಯಮಹಾಂತೇಶನಿಗೆ ಆ ಕ್ಷಣದಲ್ಲೇ ಯಾರ್ಡಿನಲ್ಲಿ ಬಿಟ್ಟುಬಂದ ಕೆಲಸ ನೆನಪಾಯಿತು. ಹಮಾಲರನ್ನು ಕಣ್ಣಲ್ಲೇ ಕರೆದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೊಸ್ತಿಲು ದಾಟುತ್ತಿದ್ದ.

“ರೀ, ಎಲ್ಲಿ ಹೊಂಟ್ರಿ?” ಸುಲಭಾ ತಿರುಗಿ ನೋಡದೆಯೇ ಕರೆದಳು. “ಬರ್ರಿಲ್ಲೆ. ಅಳತಿಗೆ ಕೈ ಕೊಡ್ರಿ.”